ಆಂಟಿಸ್ಟ್ಯಾಟಿಕ್ ರಕ್ಷಣಾ ಉಡುಪು

ಬೆಂಕಿ ಹೊತ್ತಿಕೊಳ್ಳುವ ಆವಿ, ಅನಿಲ, ನುಣ್ಣನೆಯ ಧೂಳು ಅಥವಾ ಸಿಡಿಮದ್ದು ಇರುವ ಕಡೆ ದುಡಿಯುವವರ ಮೈಯಲ್ಲೂ ಬಟ್ಟೆಯಲ್ಲೂ ಸ್ಥಿರವಿದ್ಯುತ್ತು ಕೂಡಿಕೊಂಡು ಕಿಡಿಯಾಗಿ ಹಾರದಂತೆ ಕಾಯುವ ಉಡುಪು. ವಿದ್ಯುತ್ತನ್ನು ಹಾಯಿಸುವ ಸಣ್ಣ ಎಳೆಗಳನ್ನು ಬಟ್ಟೆಯೊಳಗೇ ನೇಯ್ದು ಇದನ್ನು ತಯಾರಿಸುತ್ತಾರೆ. ತೈಲ ಶುದ್ಧೀಕರಣಾಗಾರ, ಅಡುಗೆ ಅನಿಲ ತುಂಬುವ ಘಟಕ, ಎಥನಾಲ್ ಡಿಸ್ಟಿಲರಿ, ಬಣ್ಣ ಮತ್ತು ಔಷಧ ಕಾರ್ಖಾನೆ, ಗಣಿ ಸ್ಫೋಟಕ ಹಾಗೂ ಪಟಾಕಿ ತಯಾರಿಕೆ, ರಾಕೆಟ್ ಇಂಧನದ ಕೆಲಸ ಇವೆಲ್ಲ ಇದು ಬೇಕಾಗುವ ಜಾಗಗಳು. ಕೆಲಸಗಾರರ ಬಾಯಲ್ಲಿ ಇದು ಆಂಟಿಸ್ಟ್ಯಾಟಿಕ್ ಡ್ರೆಸ್, ಕವರಾಲ್ ಅಥವಾ ಬರೀ ಬಾಯ್ಲರ್ ಸೂಟ್. ಹೆಸರು ಉಡುಪಿನದಾದರೂ ಬೂಟು, ಕಾಲುಚೀಲ, ಕೈಗವಸು, ನಿಂತ ನೆಲ ಇಷ್ಟೂ ಕೂಡಿದಾಗಲೇ ಅದರಿಂದ ಪ್ರಯೋಜನ. ಒಳ್ಳೆಯ ಉಡುಪು ಕೊಟ್ಟ ಕಡೆಯೂ ಅದು ವ್ಯರ್ಥವಾಗುವುದು ಈ ಸಂಗತಿ ಮರೆತಾಗಲೇ.

ತುಂಗಭದ್ರೆಯ ಸೀಮೆಯಲ್ಲಿ

ನ್ಯಾಮತಿ–ಹೊನ್ನಾಳಿ ಸೀಮೆಯ ಗೋವಿನಕೋವಿಯಂಥ ಊರಿನಲ್ಲಿ ಅಡಿಕೆ, ಭತ್ತ, ಮೆಕ್ಕೆಜೋಳದ ಮಾತೇ ಹೆಚ್ಚು. ಹೀಗಿದ್ದೂ ಸ್ಫೋಟಕ ವಾತಾವರಣ ಈ ಸೀಮೆಗೆ ದೂರದ್ದಲ್ಲ. ಸುತ್ತಲ ತಾಲ್ಲೂಕುಗಳಲ್ಲಿ ಕಲ್ಲುಗಣಿಗಳೂ ಜಲ್ಲಿ ಕ್ರಷರುಗಳೂ ಇವೆ. ರಸ್ತೆಯುದ್ದಕ್ಕೂ ಪೆಟ್ರೋಲ್ ಬಂಕುಗಳಿವೆ. ದಾವಣಗೆರೆ ತಾಲ್ಲೂಕಿನ ಕುಕ್ಕುವಾಡದ ಸಕ್ಕರೆ ಕಾರ್ಖಾನೆಯಲ್ಲಿ ಎಥನಾಲ್ ತಯಾರಾಗುತ್ತದೆ. ಹಳ್ಳಿಯ ಹುಡುಗರು ಪದವಿ ಮುಗಿಸಿಯೋ ಅರ್ಧಕ್ಕೆ ಬಿಟ್ಟೋ ಗುತ್ತಿಗೆ ಕೆಲಸಕ್ಕೆ ಸೇರುವುದು ಇಂಥ ಕಡೆಗಳಲ್ಲೇ.

2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಪಕ್ಕದ ಹುಣಸೋಡಿನಲ್ಲಿ ಕಲ್ಲುಗಣಿಗೆಂದು ತಂದ ಸ್ಫೋಟಕ ಸಿಡಿದು ಆರು ಮಂದಿ ಸತ್ತರು. ಅದರ ಸದ್ದು, ನಡುಕ ದಾವಣಗೆರೆ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಗೂ ಮುಟ್ಟಿ, ಭೂಕಂಪವಾಯಿತೆಂದು ಜನ ಮನೆಬಿಟ್ಟು ಹೊರಗೋಡಿ ಬಂದರು. ಮರುತಿಂಗಳು ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಕಡ್ಡಿಗಳು ಸಿಡಿದು ಮತ್ತೆ ಆರು ಜೀವ ಹೋದವು. 2023ರ ಅಕ್ಟೋಬರ್ 7ರಂದು ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯ ಪಟಾಕಿ ಮಳಿಗೆಯ ಬೆಂಕಿಗೆ ಹದಿನಾಲ್ಕಕ್ಕೂ ಹೆಚ್ಚು ಜನ ಬಲಿಯಾದರು. 2024ರ ಜನವರಿಯಲ್ಲಿ ಬೆಳ್ತಂಗಡಿ ತಾಲ್ಲೂಕಿನ ವೇಣೂರಿನ ಬಳಿ ಸಿಡಿಮದ್ದು ತಯಾರಿಸುವ ಘಟಕ ಸ್ಫೋಟಿಸಿ ಮೂವರು ತೀರಿಕೊಂಡರು. ಈ ದುರಂತಗಳಿಗೆ ಬಟ್ಟೆಯ ಕಿಡಿ ಕಾರಣವೆಂದು ಇಲ್ಲಿ ಹೇಳುತ್ತಿಲ್ಲ. ಲೈಸೆನ್ಸ್, ದಾಸ್ತಾನು, ಸಾಗಣೆಯ ಪ್ರಶ್ನೆಗಳೇ ಅಲ್ಲಿ ದೊಡ್ಡವು. ಸಿಡಿಮದ್ದಿನ ಹತ್ತಿರ ದಿನಗೂಲಿಗೆ ದುಡಿಯುವವರು ನಮ್ಮ ನಡುವೆ ಎಷ್ಟು ಜನರಿದ್ದಾರೆಂಬುದನ್ನು ಮಾತ್ರ ಇವು ತೋರಿಸಿಕೊಟ್ಟವು.

ಈ ವಿಷಯಕ್ಕೆ ಎಲ್ಲಕ್ಕಿಂತ ಹತ್ತಿರದ ಉದಾಹರಣೆ ಹೊನ್ನಾಳಿಯಿಂದ ಹೊಳೆಯ ಕೆಳಗಿದೆ. ತುಂಗಭದ್ರೆ ಹರಿಹರ ಮುಟ್ಟುವಲ್ಲಿ, ಆಚೆ ದಡದ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ಗ್ರಾಸಿಂ ಕಂಪನಿಯ ಮರದ ತಿರುಳಿನ ಕಾರ್ಖಾನೆಯೂ ವಿಸ್ಕೋಸ್ ನೂಲೆಳೆಯ ಕಾರ್ಖಾನೆಯೂ ಶುರುವಾದವು. ಹೊಳೆಯ ನೀರು ಕೆಡುತ್ತಿದೆಯೆಂದು ಎಂಬತ್ತರ ದಶಕದಲ್ಲಿ ನಡೆದ ಹೋರಾಟದಿಂದ ಈ ಕಾರ್ಖಾನೆಗಳ ಹೆಸರು ನಾಡಿಗೆಲ್ಲ ಪರಿಚಿತ. ಮರದ ತಿರುಳು ವಿಸ್ಕೋಸ್ ಎಳೆಯಾಗಬೇಕಾದರೆ ಕಾರ್ಬನ್ ಡೈಸಲ್ಫೈಡ್ ಎಂಬ ದ್ರವ ಬೇಕೇ ಬೇಕು. ಜಗತ್ತಿನ ಯಾವ ವಿಸ್ಕೋಸ್ ಕಾರ್ಖಾನೆಯಲ್ಲೂ ಹೀಗೆಯೇ. ಈ ದ್ರವ 46 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಅದರ ಆವಿ ಗಾಳಿಯಲ್ಲಿ ನೂರಕ್ಕೆ ಒಂದೆರಡು ಪಾಲು ಬೆರೆತರೂ ಹೊತ್ತುತ್ತದೆ, ಐವತ್ತು ಪಾಲು ಬೆರೆತರೂ ಹೊತ್ತುತ್ತದೆ. ಹೊತ್ತಲು ಕಿಡಿಯೇ ಬೇಕೆಂದಿಲ್ಲ, ನೂರು ಡಿಗ್ರಿಯಷ್ಟು ಬಿಸಿಯಾದ ಹಬೆಯ ಕೊಳವೆ ಸಾಕು. ನೀರಿಗಿಂತ ಭಾರ, ನೀರಿನಲ್ಲಿ ಬೆರೆಯದು. ಹಾಗಾಗಿ ಇದನ್ನು ನೀರಿನಡಿಯಲ್ಲೇ ಇಟ್ಟು ಕಾಪಾಡುವುದು ರೂಢಿ. ಇದರ ಆವಿಗೆ ಬೆಂಕಿ ತಾಗಲು ಬೇಕಾದ ಕಿಡಿಯ ಶಕ್ತಿ ಬರೀ 0.009 ಮಿಲಿಜೌಲ್. ಇದು ಎಷ್ಟು ಕಡಿಮೆ ಎಂಬುದು ಮುಂದಿನ ಲೆಕ್ಕದಲ್ಲಿ ತಿಳಿಯುತ್ತದೆ.

ಕಿಡಿಯ ಲೆಕ್ಕ

ಎರಡು ವಸ್ತುಗಳು ತಾಕಿ ಬೇರೆಯಾದಾಗ ಒಂದರ ಮೈಮೇಲಿನ ಇಲೆಕ್ಟ್ರಾನುಗಳು ಒಂದಿಷ್ಟು ಇನ್ನೊಂದಕ್ಕೆ ಹೋಗಿಬಿಡುತ್ತವೆ. ತೇವವಿದ್ದರೆ ಅವು ಮೆಲ್ಲಗೆ ಹರಿದು ಸರಿಹೋಗುತ್ತವೆ. ಒಣಹವೆಯಲ್ಲಿ, ಅದರಲ್ಲೂ ನೀರು ಹೀರದ ಬಟ್ಟೆಯಲ್ಲಿ, ಇದ್ದಲ್ಲೇ ನಿಲ್ಲುತ್ತವೆ. ಗಾಳಿಯ ತೇವಾಂಶ ಶೇಕಡ 65 ಇರುವಾಗ ಹತ್ತಿ ತನ್ನ ತೂಕದ ಶೇಕಡ 8.5ರಷ್ಟು ನೀರನ್ನು ಹಿಡಿದುಕೊಳ್ಳುತ್ತದೆ, ವಿಸ್ಕೋಸ್ ಇನ್ನೂ ಹೆಚ್ಚು. ಪಾಲಿಯೆಸ್ಟರ್ ಹಿಡಿಯುವುದು ಶೇಕಡ 0.4 ಮಾತ್ರ. ಚಳಿಗಾಲದ ರಾತ್ರಿ ಪಾಲಿಯೆಸ್ಟರ್ ಅಂಗಿ ಕಳಚುವಾಗ ಚಟಚಟ ಸದ್ದಾಗಿ, ಕತ್ತಲಿದ್ದರೆ ನೀಲಿ ಕಿಡಿಯೂ ಕಾಣುವುದು ಇದರಿಂದಲೇ. ಮಲೆನಾಡಿನ ಅಂಚಿನ ನ್ಯಾಮತಿಗಿಂತ ಬಯಲುಸೀಮೆಯ ಜಗಳೂರಿನಲ್ಲಿ ಈ ಅನುಭವ ಹೆಚ್ಚು, ಮಳೆಗಾಲಕ್ಕಿಂತ ಪುಷ್ಯ–ಮಾಘದಲ್ಲಿ ಹೆಚ್ಚು.

ಮನುಷ್ಯನ ಮೈ ವಿದ್ಯುತ್ತನ್ನು ಹಾಯಿಸುತ್ತದೆ. ರಬ್ಬರ್ ಚಪ್ಪಲಿ ಮೆಟ್ಟಿ ನಿಂತವನ ಮೈ ನೆಲದಿಂದ ಬೇರೆಯಾಗಿ, ವಿದ್ಯುತ್ತನ್ನು ಕೂಡಿಡುವ ಪಾತ್ರೆಯಾಗುತ್ತದೆ. ಅದರ ಧಾರಣಶಕ್ತಿ ಸುಮಾರು 100ರಿಂದ 200 ಪಿಕೋಫ್ಯಾರಡ್. ನಡುವಿನ 150 ಹಿಡಿದು ಲೆಕ್ಕ ಹಾಕೋಣ. ಓಡಾಡಿ, ಕುರ್ಚಿಯಿಂದ ಎದ್ದು, ಕೋಟು ಕಳಚಿ ಮೈಮೇಲೆ 10,000 ವೋಲ್ಟ್ ಏರಿದರೆ, ಬೆರಳು ಕಬ್ಬಿಣಕ್ಕೆ ತಾಕಿದಾಗ ಹಾರುವ ಕಿಡಿಯಲ್ಲಿ 7.5 ಮಿಲಿಜೌಲ್ ಶಕ್ತಿಯಿರುತ್ತದೆ. ಕೈಗೆ ಚುರುಕ್ಕೆಂದು ತಿಳಿಯಬೇಕಾದರೆ ಸುಮಾರು 3,000 ವೋಲ್ಟ್ ಬೇಕು. ಅದಕ್ಕಿಂತ ಕಡಿಮೆ, 2,000 ವೋಲ್ಟಿನ ಕಿಡಿಯನ್ನು ಯಾರೂ ಗಮನಿಸುವುದೇ ಇಲ್ಲ. ಅದರಲ್ಲಿಯೂ 0.3 ಮಿಲಿಜೌಲ್ ಇರುತ್ತದೆ. ಅಡುಗೆ ಅನಿಲದಲ್ಲಿರುವ ಪ್ರೊಪೇನಿಗೆ ಬೆಂಕಿ ಹೊತ್ತಲು ಬೇಕಾದ್ದು 0.25. ಹೈಡ್ರೋಜನ್ನಿಗೆ ಬೇಕಾದ್ದು 0.016, ಅಂದರೆ ಮೈಮೇಲೆ ಐನೂರು ವೋಲ್ಟ್ ಕೂಡ ಬೇಕಿಲ್ಲ. ಕಾರ್ಬನ್ ಡೈಸಲ್ಫೈಡಿಗೆ ಮುನ್ನೂರೈವತ್ತು ವೋಲ್ಟೇ ಸಾಕು.

ಇಡೀ ವಿಷಯದ ತಿರುಳು ಇಲ್ಲಿದೆ. ‘ನನಗೆ ಶಾಕ್ ಹೊಡೆದೇ ಇಲ್ಲ, ನನ್ನ ಮೈಯಲ್ಲಿ ಕರೆಂಟಿಲ್ಲ’ ಎಂದು ಕೆಲಸಗಾರ ಪ್ರಾಮಾಣಿಕವಾಗಿಯೇ ಹೇಳುತ್ತಾನೆ. ಅವನ ಚರ್ಮಕ್ಕೆ ಗೊತ್ತಾಗದ ಕಿಡಿ ಆವಿಗೆ ಗೊತ್ತಾಗುತ್ತದೆ. ವರ್ಷಗಟ್ಟಲೆ ಏನೂ ಆಗಲಿಲ್ಲವೆಂಬ ಅನುಭವ ಇಲ್ಲಿ ಸಾಕ್ಷಿಯಾಗಲಾರದು.

ಗಣಿಯ ಕೆಲಸದಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಜಿಲೆಟಿನ್ ಕಡ್ಡಿಯಾಗಲಿ, ಈಚಿನ ಎಮಲ್ಷನ್ ಸ್ಫೋಟಕವಾಗಲಿ ಮೈಯ ಕಿಡಿಗೆ ಸುಲಭವಾಗಿ ಸಿಡಿಯುವಂಥವಲ್ಲ. ಹೆದರಬೇಕಾದ್ದು ಡಿಟೋನೇಟರಿಗೆ, ಅದರೊಳಗಿನ ಸೀಸದ ಅಝೈಡ್, ಸೀಸದ ಸ್ಟಿಫ್ನೇಟಿನಂಥ ಮದ್ದಿಗೆ. ಸ್ಟಿಫ್ನೇಟಂತೂ ಬರಿಗೈಯ ಕಿಡಿಗೇ ಸಿಡಿಯಬಲ್ಲದು. ಡಿಟೋನೇಟರಿನ ಎರಡು ತಂತಿಗಳ ತುದಿಯನ್ನು ಹೊಸೆದು ಕೂಡಿಸಿಟ್ಟಿರುವುದೂ, ಜೋಡಿಸುವ ಗಳಿಗೆಯವರೆಗೆ ಬಿಚ್ಚಬಾರದೆಂಬ ಕಟ್ಟಳೆಯೂ ಇದಕ್ಕೇ.

ಬಟ್ಟೆಯ ಒಳಗೆ

ಆಂಟಿಸ್ಟ್ಯಾಟಿಕ್ ಬಟ್ಟೆಯ ತುಂಡೊಂದನ್ನು ಬೆಳಕಿಗೆ ಹಿಡಿದರೆ ಕಪ್ಪು ಅಥವಾ ಬೂದುಬಣ್ಣದ ತೆಳು ಎಳೆಗಳು ಒಂದೇ ಅಂತರದಲ್ಲಿ ಸಾಲಾಗಿಯೋ ಚೌಕುಳಿಯಾಗಿಯೋ ಓಡುವುದು ಕಾಣುತ್ತದೆ. ಅವು ಕಾರ್ಬನ್ ತಿರುಳಿನ ಎಳೆಗಳು, ಕೆಲವು ಬಟ್ಟೆಗಳಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ಕೂದಲೆಳೆಗಳು. ಉಳಿದ ಬಟ್ಟೆ ಹತ್ತಿ, ಪಾಲಿಯೆಸ್ಟರ್–ಹತ್ತಿ ಮಿಶ್ರಣ ಅಥವಾ ಬೆಂಕಿ ತಾಳುವ ಅರಾಮಿಡ್. ನೋಮೆಕ್ಸ್ ಹೆಸರಿನ ಪ್ರಸಿದ್ಧ ಅರಾಮಿಡ್ ಬಟ್ಟೆಯೊಂದರಲ್ಲಿ ಕಾರ್ಬನ್ ಎಳೆಯ ಪಾಲು ನೂರಕ್ಕೆ ಎರಡು ಮಾತ್ರ. ಎರಡೇ ಪಾಲು ಸಾಲುವುದು ಹೇಗೆ? ಬಟ್ಟೆಯಲ್ಲಿ ಕೂಡಿದ ವಿದ್ಯುತ್ತು ಹತ್ತಿರದ ಎಳೆಯ ಕಡೆ ಸೆಳೆಯಲ್ಪಡುತ್ತದೆ. ಎಳೆ ನೆಲದ ಸಂಪರ್ಕದಲ್ಲಿದ್ದರೆ ಅದರ ಮೂಲಕ ಹರಿದುಹೋಗುತ್ತದೆ. ಇಲ್ಲದಿದ್ದರೂ ಎಳೆಯ ಸಣ್ಣ ಮೊನೆಗಳ ಸುತ್ತ ಗಾಳಿ ಅಯಾನುಗಳಾಗಿ ಒಡೆದು, ಬಟ್ಟೆಯ ವಿದ್ಯುತ್ತು ಒಮ್ಮೆಲೇ ಕಿಡಿಯಾಗುವ ಬದಲು ಸದ್ದಿಲ್ಲದೆ ಇಳಿಯುತ್ತದೆ.

ಬಟ್ಟೆಗೆ ರಾಸಾಯನಿಕ ಲೇಪ ಹಚ್ಚುವುದು ಇನ್ನೊಂದು ಅಗ್ಗದ ದಾರಿ. ಲೇಪ ಗಾಳಿಯ ತೇವವನ್ನು ಹೀರಿ ಕೆಲಸ ಮಾಡುತ್ತದೆ. ಒಗೆತಕ್ಕೆ ತೊಳೆದುಹೋಗುತ್ತದೆ. ನಮ್ಮಲ್ಲಿ ಬಟ್ಟೆಯನ್ನು ಕಲ್ಲಿಗೆ ಬಡಿದೋ ಬ್ರಷ್ಷಿನಿಂದ ತಿಕ್ಕಿಯೋ ಒಗೆಯುವುದರಿಂದ ಲೇಪದ ಉಡುಪನ್ನು ನೆಚ್ಚಲಾಗದು.

ಹತ್ತಿಯೇ ಸಾಕೆಂಬ ಅಭಿಪ್ರಾಯ ಹಳೆಯದು. ತೇವವಿರುವ ಕಾಲದಲ್ಲಿ ಅದು ಬಹುಮಟ್ಟಿಗೆ ನಿಜ. ಒಣ ದಿನಗಳಲ್ಲಿ, ತೇವಾಂಶ ಶೇಕಡ 30ಕ್ಕಿಂತ ಇಳಿದಾಗ, ಹತ್ತಿಯೂ ವಿದ್ಯುತ್ತನ್ನು ಹಾಯಿಸದು. ಪಟಾಕಿ ಘಟಕದಲ್ಲಿ ಹತ್ತಿ ಬಟ್ಟೆ ಕಡ್ಡಾಯ ಮಾಡುವುದರ ಜೊತೆಗೆ ಬಾಗಿಲ ಬಳಿ, ನೆಲಕ್ಕೆ ತಂತಿ ಇಳಿಸಿದ ತಾಮ್ರದ ಫಲಕವಿಟ್ಟು, ಒಳಗೆ ಹೋಗುವವರು ಅದನ್ನು ಮುಟ್ಟಿ ಹೋಗಬೇಕೆನ್ನುವುದು ಈ ಕೊರತೆ ತುಂಬಲೆಂದೇ.

ಹಿಂದಿನ ಕಥೆ

ಸಿಡಿಮದ್ದಿನ ಕೆಲಸಗಾರರ ಉಡುಪಿನ ಮೇಲೆ ಕಾನೂನು ಮೊದಲು ಕಣ್ಣಿಟ್ಟದ್ದು ಸ್ಥಿರವಿದ್ಯುತ್ತಿಗಾಗಿ ಅಲ್ಲ. ಬ್ರಿಟನ್ನಿನ 1875ರ ಸ್ಫೋಟಕ ಕಾಯ್ದೆ ಕಾರ್ಖಾನೆಯೊಳಗೆ ಜೇಬಿಲ್ಲದ ಬಟ್ಟೆ, ತಕ್ಕ ಪಾದರಕ್ಷೆ ಇರಬೇಕೆಂದಿತು. ಬೆಂಕಿಕಡ್ಡಿ, ಕಬ್ಬಿಣದ ಚೂರು ಒಳಗೆ ಬರಬಾರದೆಂಬುದು ಅದರ ಉದ್ದೇಶ. ಭಾರತದ ಸ್ಫೋಟಕ ಕಾಯ್ದೆ 1884ರಲ್ಲಿ ಬಂತು, ಈಗ ನಡೆಯುತ್ತಿರುವ ನಿಯಮಗಳು 2008ರವು.

ಸ್ಥಿರವಿದ್ಯುತ್ತಿನ ಪಾಠ ಕಲಿಸಿದ್ದು ಆಸ್ಪತ್ರೆ. ಈಥರ್, ಆಮೇಲೆ ಸೈಕ್ಲೋಪ್ರೊಪೇನ್ ಕೊಟ್ಟು ಅರಿವಳಿಕೆ ಮಾಡುತ್ತಿದ್ದ ಕಾಲದಲ್ಲಿ ಆಪರೇಷನ್ ಥಿಯೇಟರಿನಲ್ಲೇ ಸ್ಫೋಟಗಳಾಗಿ ರೋಗಿಗಳು ಸತ್ತದ್ದುಂಟು. ಅಲ್ಲಿಂದ ದಾದಿಯರಿಗೆ ಉಣ್ಣೆ, ನೈಲಾನ್ ಬೇಡವೆಂದಾಯಿತು. ವಿದ್ಯುತ್ ಹಾಯಿಸುವ ರಬ್ಬರಿನ ಬೂಟು ಬಂತು, ನೆಲವನ್ನೂ ಹಾಗೆಯೇ ಮಾಡಿದರು. 1956ರಲ್ಲಿ ಹೊತ್ತದ ಹ್ಯಾಲೋಥೇನ್ ಬಳಕೆಗೆ ಬಂದ ಮೇಲೆ ಆಸ್ಪತ್ರೆಗೆ ಈ ಚಿಂತೆ ಕಡಿಮೆಯಾಯಿತು, ಕಾರ್ಖಾನೆಗೆ ಉಳಿಯಿತು. 1964ರ ಏಪ್ರಿಲ್‌ನಲ್ಲಿ ಅಮೆರಿಕದ ಕೇಪ್ ಕೆನಡಿಯಲ್ಲಿ ಡೆಲ್ಟಾ ರಾಕೆಟ್ಟಿನ ಘನ ಇಂಧನದ ಮೋಟರು ಕಟ್ಟಡದೊಳಗೇ ಹೊತ್ತಿಕೊಂಡು ಮೂವರು ತಂತ್ರಜ್ಞರು ಸತ್ತರು. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಸರಿಸುವಾಗ ಹುಟ್ಟಿದ ಸ್ಥಿರವಿದ್ಯುತ್ತೇ ಕಾರಣವೆಂದು ಗುರುತಿಸಲಾಯಿತು.

ಇನ್ನೊಂದು ಬದಲಾವಣೆ ಯಾವ ಕಡತದಲ್ಲೂ ದಾಖಲಾಗದೆ ನಡೆದುಹೋಯಿತು. ಹಿಂದೆ ಮದ್ದು ಅರೆಯುವವರು ಹತ್ತಿಯ ಪಂಚೆ, ಹತ್ತಿಯ ಸೀರೆ ಉಟ್ಟು ಬರಿಗಾಲಲ್ಲಿ ಸಾರಿಸಿದ ಮಣ್ಣಿನ ನೆಲದ ಮೇಲೆ ಕೂತು ದುಡಿಯುತ್ತಿದ್ದರು. ಆ ಜಾಗದಲ್ಲಿ ಬೇರೆ ಅಪಾಯಗಳು ಬೇಕಾದಷ್ಟಿದ್ದವು, ಆದರೆ ಮೈಯ ವಿದ್ಯುತ್ತು ನೆಲಕ್ಕೆ ತಾನಾಗಿ ಇಳಿಯುತ್ತಿತ್ತು. ಅಗ್ಗದ ಪಾಲಿಯೆಸ್ಟರ್ ಸೀರೆ, ಹವಾಯಿ ಚಪ್ಪಲಿ, ನೆಲಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಬಂದು ಆ ದಾರಿಯನ್ನು ಮುಚ್ಚಿದವು. ಬಡವರ ಬಟ್ಟೆ ಅಗ್ಗವಾದದ್ದು ಒಳ್ಳೆಯದೇ. ಅದರ ಜೊತೆ ಬಂದ ಅಪಾಯವನ್ನು ಅವರಿಗೆ ಯಾರೂ ತಿಳಿಸದೇ ಹೋದದ್ದು ತಪ್ಪು.

ಮಾನದಂಡ ಮತ್ತು ಕಾನೂನು

ಯುರೋಪಿನ ಇಎನ್ 1149 ಸರಣಿಯನ್ನು ಭಾರತದ ಕಾರ್ಖಾನೆಗಳೂ ಖರೀದಿಯಲ್ಲಿ ಕೇಳುತ್ತವೆ. ಅದರ ಐದನೆಯ ಭಾಗದಂತೆ ಬಟ್ಟೆಯ ಒಂದು ಮೈಯ ರೋಧ 250 ಕೋಟಿ ಓಮ್ ಮೀರಬಾರದು, ಇಲ್ಲವೇ ಹೇರಿದ ವಿದ್ಯುತ್ತು ನಾಲ್ಕು ಸೆಕೆಂಡಿನೊಳಗೆ ಅರ್ಧಕ್ಕಿಳಿಯಬೇಕು. ಹಾಯಿಸುವ ಎಳೆಗಳ ನಡುವೆ 10 ಮಿಲಿಮೀಟರಿಗಿಂತ ಹೆಚ್ಚು ಅಂತರ ಸಲ್ಲದು. ತೊಟ್ಟವನ ಮೈಯಿಂದ ನೆಲದವರೆಗಿನ ಒಟ್ಟು ರೋಧ 10 ಕೋಟಿ ಓಮಿಗಿಂತ ಕಡಿಮೆ ಇರಬೇಕು. ಇದಕ್ಕೆ ಒಪ್ಪುವ ಉಡುಪಿನ ಲೇಬಲಿನಲ್ಲಿ ಗುರಾಣಿಯೊಳಗೆ ಮಿಂಚಿನ ಗೆರೆಯ ಗುರುತಿರುತ್ತದೆ.

ಅದೇ ಮಾನದಂಡ ತನ್ನ ಮಿತಿಯನ್ನೂ ಹೇಳಿದೆ. 0.016 ಮಿಲಿಜೌಲಿಗಿಂತ ಕಡಿಮೆ ಕಿಡಿಗೆ ಹೊತ್ತುವ ವಾತಾವರಣಕ್ಕೆ ಅದು ಹೊಣೆಯಲ್ಲ. ಆಮ್ಲಜನಕ ಹೆಚ್ಚಾದ ಕಡೆ, ಸದಾ ಆವಿ ತುಂಬಿರುವ ‘ಸೊನ್ನೆ ವಲಯ’ದಲ್ಲಿ ಸುರಕ್ಷತಾ ಎಂಜಿನಿಯರರ ಒಪ್ಪಿಗೆಯಿಲ್ಲದೆ ಬಳಸುವಂತಿಲ್ಲ. ಕಾರ್ಬನ್ ಡೈಸಲ್ಫೈಡಿನ 0.009 ಈ ಗೆರೆಯಿಂದ ಕೆಳಗಿದೆ. ಆದ್ದರಿಂದ ವಿಸ್ಕೋಸ್ ಕಾರ್ಖಾನೆಗೆ ಉಡುಪು ಕೊನೆಯ ಕಾವಲು. ಆವಿ ಹೊರಬಾರದಂತೆ ಮುಚ್ಚಿದ ಯಂತ್ರ, ಸರಿಯಾದ ಗಾಳಿಯಾಟ, ಅರ್ಥಿಂಗ್ ಇವು ಮೊದಲಿನವು.

ಭಾರತದಲ್ಲಿ 1948ರ ಕಾರ್ಖಾನೆಗಳ ಕಾಯ್ದೆಯ 37ನೇ ಸೆಕ್ಷನ್ ಸ್ಫೋಟಕ ಧೂಳು, ಅನಿಲ, ಆವಿ ಇರುವಲ್ಲಿ ಹೊತ್ತಿಸುವ ಮೂಲಗಳನ್ನು ದೂರವಿಡುವ ಹೊಣೆಯನ್ನು ಮಾಲೀಕರ ಮೇಲೆ ಹಾಕಿತು. ಆ ಕಾಯ್ದೆಯ ವಿಷಯಗಳೆಲ್ಲ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯೊಳಗೆ ಸೇರಿವೆ. ಸ್ಫೋಟಕ ಮತ್ತು ಪೆಟ್ರೋಲಿಯಂ ಪರವಾನಗಿ ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಸೊ ಸಂಸ್ಥೆಯ ಕೈಯಲ್ಲಿದೆ. ಸುರಕ್ಷತೆಯ ಸಲಕರಣೆಯ ಬೆಲೆಯನ್ನು ಕೂಲಿಯಲ್ಲಿ ಮುರಿದುಕೊಳ್ಳುವುದು ಕಾನೂನಿಗೆ ಒಪ್ಪಿಗೆಯಲ್ಲ.

ಬಳಕೆಯಲ್ಲಿ ಸೋಲುವುದೆಲ್ಲಿ

ಬಂಕಿನಲ್ಲಿ ಟ್ಯಾಂಕರ್ ಖಾಲಿ ಮಾಡುವುದನ್ನು ನಿಂತು ನೋಡಬೇಕು. ಎಂಜಿನ್ ಆರಿಸುತ್ತಾರೆ, ಗಾಲಿಗೆ ತಡೆ ಕೊಡುತ್ತಾರೆ. ಪೈಪು ಜೋಡಿಸುವ ಮೊದಲೇ ನೆಲದಿಂದ ಬಂದ ಅರ್ಥಿಂಗ್ ತಂತಿಯ ಹಲ್ಲಿನ ಕ್ಲಿಪ್ಪನ್ನು ಟ್ಯಾಂಕರಿನ ಬಣ್ಣವಿಲ್ಲದ ಕಬ್ಬಿಣಕ್ಕೆ ಕಚ್ಚಿಸುತ್ತಾರೆ. ದಾರಿಯಲ್ಲಿ ಕುಲುಕಿದ ಎಣ್ಣೆಯ ವಿದ್ಯುತ್ತು ಇಳಿಯಲೆಂದು ಒಂದಷ್ಟು ಹೊತ್ತು ಬಿಡುತ್ತಾರೆ. ಆಮೇಲೆ ಒಬ್ಬ ಏಣಿ ಹತ್ತಿ ಮುಚ್ಚಳ ತೆರೆದು ಡಿಪ್ ರಾಡ್ ಇಳಿಸುತ್ತಾನೆ. ಟ್ಯಾಂಕರಿಗೆ ಅರ್ಥಿಂಗ್ ಆಯಿತು. ಮುಚ್ಚಳದ ಬಾಯಿಂದ ಏಳುವ ಆವಿಯ ಮೇಲೆ ಬಗ್ಗಿ ನಿಂತ ಆ ಮನುಷ್ಯನಿಗೆ ಆಗಿದೆಯೇ? ಅವನ ಅಂಗಿ ಯಾವುದು, ಕಾಲಲ್ಲಿ ಏನಿದೆ ಎಂಬುದನ್ನು ಆಗ ಕೇಳಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ತಪ್ಪುವುದು ಬೂಟಿನಲ್ಲಿ. ಎಲೆಕ್ಟ್ರಿಷಿಯನ್ನನ ಬೂಟು ಮೈಯನ್ನು ನೆಲದಿಂದ ಬೇರ್ಪಡಿಸುವುದಕ್ಕೆ ಇರುವುದು, ಆಂಟಿಸ್ಟ್ಯಾಟಿಕ್ ಬೂಟು ಮೈಯನ್ನು ನೆಲಕ್ಕೆ ಸೇರಿಸುವುದಕ್ಕೆ. ಎರಡನ್ನೂ ‘ಸೇಫ್ಟಿ ಶೂ’ ಎಂದೇ ಕರೆಯುವುದರಿಂದ ಒಂದರ ಬದಲು ಇನ್ನೊಂದನ್ನು ಕೊಟ್ಟುಬಿಡುತ್ತಾರೆ. ಆಗ ಉಡುಪಿನ ಎಳೆಗಳಲ್ಲಿ ಬಂದ ವಿದ್ಯುತ್ತಿಗೆ ಹೋಗಲು ದಾರಿಯೇ ಇರದು. ಆಂಟಿಸ್ಟ್ಯಾಟಿಕ್ ಬೂಟಿನ ರೋಧ ಒಂದು ಲಕ್ಷ ಓಮಿನಿಂದ ನೂರು ಕೋಟಿ ಓಮಿನೊಳಗೆ ಇರಬೇಕು. ಕೆಳಮಿತಿ ಏಕೆಂದರೆ, ಅಕಸ್ಮಾತ್ ಕರೆಂಟಿನ ತಂತಿ ಮುಟ್ಟಿದರೆ ತೊಟ್ಟವನ ಜೀವ ಉಳಿಯಬೇಕು. ಅಂತರರಾಷ್ಟ್ರೀಯ ಗುರುತಿನ ಎಸ್1, ಎಸ್2, ಎಸ್3 ಬೂಟುಗಳಲ್ಲಿ ಈ ಗುಣವಿರುತ್ತದೆ. ಬರೀ ಎಸ್‌ಬಿ ಎಂದಿದ್ದರೆ ಇರಲೇಬೇಕೆಂದಿಲ್ಲ.

ಸರಿಯಾದ ಬೂಟಿದ್ದೂ ಅದರೊಳಗೆ ದಪ್ಪ ನೈಲಾನ್ ಕಾಲುಚೀಲ ಹಾಕಿದರೆ, ಅಂಗಡಿಯಿಂದ ತಂದ ರಬ್ಬರ್ ಮೆತ್ತೆ ಇಟ್ಟರೆ ಸಂಪರ್ಕ ಕಡಿದುಹೋಗುತ್ತದೆ. ಅಡಿಗೆ ಬಣ್ಣ, ರಾಳ, ಡಾಂಬರು ಮೆತ್ತಿಕೊಂಡರೂ ಅಷ್ಟೇ. ಚೊಕ್ಕ ಕಾಣಲೆಂದು ಕಾಂಕ್ರೀಟಿನ ಮೇಲೆ ಬಳಿದ ಸಾಮಾನ್ಯ ಇಪಾಕ್ಸಿ ಬಣ್ಣವೂ ಕಾಲಡಿಯ ನೆಲವನ್ನು ಭೂಮಿಯಿಂದ ಬೇರೆ ಮಾಡುತ್ತದೆ. ಒಳ್ಳೆಯ ಕಾರ್ಖಾನೆಗಳ ಬಾಗಿಲಲ್ಲಿ ಲೋಹದ ಹಲಗೆಯ ಮೇಲೆ ನಿಂತು ಗುಂಡಿ ಒತ್ತಿದರೆ ಹಸಿರು ದೀಪ ಹೊತ್ತಿ ‘ಸರಿಯಿದೆ’ ಎನ್ನುವ ಪರೀಕ್ಷಾ ಯಂತ್ರವಿರುತ್ತದೆ. ಪ್ರತಿ ಪಾಳಿಯಲ್ಲೂ ಅದರ ಮೇಲೆ ನಿಲ್ಲುವುದು ಕೆಲವು ಸೆಕೆಂಡುಗಳ ಕೆಲಸ.

ಉಡುಪು ಒಳಬಟ್ಟೆಯನ್ನು ಪೂರ್ತಿ ಮುಚ್ಚಿರಬೇಕು. ಗುಂಡಿ ಬಿಚ್ಚಿ ತೋಳು ಮಡಚಿಕೊಂಡರೆ ಅದು ಇದ್ದೂ ಇಲ್ಲದಂತೆ. ಸೆಕೆಯೆಂದು ಆವಿ ಇರುವ ಜಾಗದಲ್ಲೇ ಕೋಟು ಕಳಚುವುದು ಎಲ್ಲಕ್ಕಿಂತ ಅಪಾಯ, ಎರಡು ಪದರ ಬೇರೆಯಾಗುವ ಗಳಿಗೆಯಲ್ಲೇ ಮೈಯ ವೋಲ್ಟೇಜು ಏರುತ್ತದೆ. ಮಳೆಗಾಲದಲ್ಲಿ ಮೇಲೊಂದು ಪ್ಲಾಸ್ಟಿಕ್ ರೇನ್‌ಕೋಟ್ ಹಾಕಿದರೆ, ಹರಿದ ಮೊಣಕಾಲಿಗೆ ಪಾಲಿಯೆಸ್ಟರ್ ತೇಪೆ ಹಚ್ಚಿದರೆ, ಕಂಪನಿಯ ಹೆಸರಿನ ದೊಡ್ಡ ಪ್ಲಾಸ್ಟಿಕ್ ಫಲಕ ಬೆನ್ನಿಗೆ ಹೊಲಿಸಿದರೆ ಉಡುಪಿನ ಗುಣ ಕೆಡುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ನಾಡಿನಲ್ಲಿ ದಪ್ಪ ಕವರಾಲ್ ತೊಟ್ಟು ಎಂಟು ಗಂಟೆ ದುಡಿಯುವುದು ಸುಲಭವಲ್ಲ. ಗುಂಡಿ ಬಿಚ್ಚಿದವನನ್ನು ಗದರುವ ಮೇಸ್ತ್ರಿ, ತೆಳು ಬಟ್ಟೆಯ ಉಡುಪು ಮತ್ತು ನಡುನಡುವೆ ನೆರಳಿನ ವಿರಾಮ ಕೊಡಿಸುವುದಕ್ಕೂ ಗಟ್ಟಿದನಿ ಎತ್ತಬೇಕು.

ಬೆಂಗಳೂರಿನ ಇಲೆಕ್ಟ್ರಾನಿಕ್ಸ್ ಘಟಕಗಳಲ್ಲಿ ತೊಡುವ ನೀಲಿ ಅಥವಾ ಬಿಳಿ ಕೋಟೂ ಇದೇ ತತ್ತ್ವದ್ದು. ಅದು ಕಾಯುವುದು ಚಿಪ್ಪನ್ನು. ಅದನ್ನು ತಂದು ಆವಿಯ ಜಾಗದಲ್ಲಿ ತೊಡುವಂತಿಲ್ಲ, ಬೆಂಕಿ ತಾಗಿದರೆ ಅದು ತಾನೇ ಉರಿಯಬಹುದು. ಆಂಟಿಸ್ಟ್ಯಾಟಿಕ್ ಗುಣ ಬೇರೆ, ಬೆಂಕಿ ತಾಳುವ ಗುಣ ಬೇರೆ. ಶುದ್ಧೀಕರಣಾಗಾರದಂಥ ಕಡೆ ಎರಡೂ ಇರುವ ಉಡುಪೇ ಬೇಕು.

ಕಾರ್ಖಾನೆಯ ಹೊರಗೂ ಈ ತಿಳಿವಳಿಕೆಗೆ ಕೆಲಸವಿದೆ. ತೋಟಕ್ಕೆ ಔಷಧಿ ಹೊಡೆಯುವ, ಕಳೆ ಕೊಯ್ಯುವ ಯಂತ್ರಕ್ಕೆಂದು ಹಳ್ಳಿಯವರು ಪೆಟ್ರೋಲನ್ನು ಪ್ಲಾಸ್ಟಿಕ್ ಬಾಟಲಿಗೆ ತುಂಬಿಸಿಕೊಂಡು ಬರುತ್ತಾರೆ. ಅದನ್ನು ಬಿಡಬೇಕು. ಲೋಹದ ಕ್ಯಾನು ತಂದು, ಬೈಕಿನ ಮೇಲಿಂದ ನೆಲಕ್ಕಿಳಿಸಿ, ನಳಿಕೆ ಕ್ಯಾನಿನ ಬಾಯಿಗೆ ತಾಗಿರುವಂತೆ ಹಿಡಿದು ನಿಧಾನವಾಗಿ ತುಂಬಿಸಬೇಕು. ಎಥನಾಲ್ ಘಟಕಕ್ಕೋ ವಿಸ್ಕೋಸ್ ಕಾರ್ಖಾನೆಗೋ ಗಣಿಗೋ ಬಂಕಿಗೋ ಮಕ್ಕಳನ್ನು ಕೆಲಸಕ್ಕೆ ಕಳಿಸುವ ಮನೆಯವರು ಸಂಬಳದ ಜೊತೆ ಇನ್ನೊಂದು ಮಾತು ವಿಚಾರಿಸಲಿ: ಕೊಡುವ ಬೂಟು ಆಂಟಿಸ್ಟ್ಯಾಟಿಕ್ ಹೌದೇ, ಅದನ್ನು ಪರೀಕ್ಷಿಸುವ ಯಂತ್ರ ಬಾಗಿಲಲ್ಲಿದೆಯೇ? ಗುತ್ತಿಗೆದಾರರು ಕವರಾಲ್ ಒಂದನ್ನೇ ಕೊಟ್ಟು ಕೈತೊಳೆದುಕೊಳ್ಳದೆ ಬೂಟು, ಕಾಲುಚೀಲ ಸೇರಿಸಿ ಪೂರ್ತಿ ಜೋಡಿ ಕೊಡಬೇಕು.